ಬಾಡಿಗೆ ಮೀಸೆ, ಮನೆಯ ನೀರು

ಅಪ್ಪ ತೀರಿಹೋಗಿ ಮೂರು ವರ್ಷವಾದ ಮೇಲೆ, ನಾನು ಅಪ್ಪನಾಗುತ್ತೇನೆಂದು ಒಂದು ಅರ್ಜಿ ಬರೆದೆ. ಅರ್ಜಿ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಬರೆಯಲು ಧೈರ್ಯ ಸಾಲಲಿಲ್ಲ, ಏಕೆಂದರೆ ಕನ್ನಡದಲ್ಲಿ ಬರೆದರೆ ಅರ್ಥವಾಗಿಬಿಡುತ್ತದೆ. ದೇಹವೆಂಬುದು ಒಂದು ದಾಖಲೆ, ಗಂಡು ಹೆಣ್ಣೆಂಬುದು ಒಂದು ಉಡುಪು, ಮಗಳ ದೇಹದೊಳಗೆ ತಂದೆಯ ದೇಹ ಅಡಗಿ ಕುಳಿತಿದೆ, ಸಾರ್ವಜನಿಕ ಸ್ಥಳದಲ್ಲಿ ದಿನಕ್ಕೆ ಎಂಟು ಗಂಟೆ ಮೌನವಾಗಿ ನಿಂತು ಅದನ್ನು ಹೊರಗೆ ತರುತ್ತೇನೆ, ಹೀಗೆಲ್ಲ ಮೂರು ಪುಟ. ಕೊನೆಯ ಸಾಲು ನನಗೇ ಬಹಳ ಹಿಡಿಸಿತ್ತು: ಆ ಎಂಟು ಗಂಟೆ ನಾನು ತಂದೆಯಂತೆ ನಟಿಸುವುದಿಲ್ಲ, ನಾನು ತಂದೆಯೇ ಆಗಿರುತ್ತೇನೆ. ದೂರದ ಊರಿನ ಒಂದು ಕಲಾಸಂಸ್ಥೆ ಇದನ್ನು ಓದಿ, ತಲೆದೂಗಿ, ಒಪ್ಪಿಕೊಂಡಿತು.

ನಾನು ಪರ್ಫಾರ್ಮೆನ್ಸ್ ಆರ್ಟಿಸ್ಟ್. ಹಾಗೆಂದರೆ ಏನೆಂದು ನಮ್ಮ ಸಿದ್ಧಕಟ್ಟೆಯಲ್ಲಿ ಹದಿನೈದು ವರ್ಷದಿಂದ ವಿವರಿಸುತ್ತಿದ್ದೇನೆ. ನಾಟಕವಾ ಎಂದರೆ ಅಲ್ಲ. ಡ್ಯಾನ್ಸಾ ಎಂದರೆ ಅದೂ ಅಲ್ಲ. ಮೈಗೆ ಮೇಣ ಮೆತ್ತಿಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಕುಳಿತಿದ್ದೆ, ಗಂಟೆಗಟ್ಟಲೆ ನನ್ನ ಕೂದಲನ್ನೇ ಹೆಣೆದು ಹೆಣೆದು ಬಿಚ್ಚಿದ್ದೆ, ಜನ ಬಂದು ನೋಡಿ ಗಂಭೀರ ಮುಖ ಮಾಡಿಕೊಂಡು ಹೋದರು ಎಂದರೆ, ಕೇಳುವವರು ನನ್ನ ಅಮ್ಮನ ಮುಖವನ್ನು ಕನಿಕರದಿಂದ ನೋಡುತ್ತಿದ್ದರು. ಅಮ್ಮನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ನಮ್ಮದು ತುಳು ಮಾತಾಡುವ ಮನೆ. ಅಮ್ಮ ನನ್ನ ಇಡೀ ಕಲಾಜೀವನವನ್ನು ಒಂದೇ ತುಳು ಶಬ್ದದಲ್ಲಿ ಮುಗಿಸುತ್ತಿದ್ದರು: ಯೇಸ. ಅಂದರೆ ವೇಷ.

"ಈ ಸಲ ಯಾವ ಯೇಸ?"

"ವೇಷ ಅಲ್ಲ ಅಮ್ಮ. ಇದು ರೂಪಾಂತರ."

"ಆಗ್ಲಿ. ರೂಪಾಂತರದ ಯೇಸ ಯಾವುದು?"

ಅಪ್ಪನದ್ದು ಎಂದು ಹೇಳಿದೆ. ಅಮ್ಮ ಎದ್ದು ಹೋಗಿ ಕಪಾಟಿನಿಂದ ಅಪ್ಪನ ಬಿಳಿ ಅರ್ಧ ತೋಳಿನ ಅಂಗಿ ತಂದು, ಮೂರನೆಯ ಗುಂಡಿ ಇಲ್ಲ, ಹೊಲಿದು ಕೊಡ್ತೇನೆ ಎಂದರು.

ಅಪ್ಪ ಸಿದ್ಧಕಟ್ಟೆಯಲ್ಲಿ ಹಾಲಿನ ಡೇರಿಯ ಸೆಕ್ರೆಟರಿಯಾಗಿದ್ದವರು. ಬಿಳಿ ಅಂಗಿ, ಬಿಳಿ ಮುಂಡು, ಕಿಸೆಯಲ್ಲಿ ಪೆನ್ನು, ಹೆಗಲ ಮೇಲೆ ಬೈರಾಸೆಂಬ ಟವೆಲು, ಮುಂದೆ ಬಂದ ಹೊಟ್ಟೆ, ಮೂಗಿನ ಕೆಳಗೆ ಪೊದೆ ಮೀಸೆ. ಹೊಟ್ಟೆಯನ್ನು ನಾನೇ ಹತ್ತಿ ತುಂಬಿ ಹೊಲಿದುಕೊಂಡೆ. ತಲೆಯನ್ನು ಅಪ್ಪನ ಹಾಗೆ ನಡುವಿನಲ್ಲಿ ಬೋಳು ಮಾಡಿಸಿಕೊಂಡೆ. ಮೀಸೆಗೆ ಮೂಡುಬಿದಿರೆಗೆ ಹೋದೆ. ಅಲ್ಲಿ ಶಾಲೆಯ ವಾರ್ಷಿಕೋತ್ಸವಗಳಿಗೆ ಗಡ್ಡ, ಕಿರೀಟ, ಗದೆ ಬಾಡಿಗೆಗೆ ಕೊಡುವ ಅಂಗಡಿಯೊಂದು ಉಂಟು.

"ಯಾವ ಪಾತ್ರ ಮೇಡಂ?" ಎಂದು ಅಂಗಡಿಯವರು ಕೇಳಿದರು.

"ನನ್ನ ಅಪ್ಪ."

"ಅಪ್ಪ ಅಂದ್ರೆ ದಶರಥನಾ, ಹಿರಣ್ಯಕಶಿಪುವಾ?"

ಡೇರಿ ಸೆಕ್ರೆಟರಿ ಎಂದೆ. ಅವರು ಯೋಚಿಸಿ, ಪೊಲೀಸ್ ಇನ್‌ಸ್ಪೆಕ್ಟರ್ ಮೀಸೆ ಕೊಟ್ಟರು. ಅಚ್ಚರಿಯೆಂದರೆ ಅದು ಅಪ್ಪನದ್ದೇ ಮೀಸೆ. ಕನ್ನಡಿಯಲ್ಲಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ನಾಲ್ಕನೆಯ ದಿನ ಸಂಜೆ ತಪ್ಪದೆ ವಾಪಸ್ ಕೊಡಬೇಕು, ಮಾರ್ನೆಮಿ ಸಮಯ, ಮೀಸೆಗೆ ಜನ ಕಾಯ್ತಾ ಇದ್ದಾರೆ ಎಂದು ಎರಡು ಸಲ ಹೇಳಿ ಕಳಿಸಿದರು.

ತಪ್ಪಿದ್ದು ಅಲ್ಲಿಯೇ. ಮಾರ್ನೆಮಿ ಎಂದರೆ ನಮ್ಮ ಕಡೆ ನವರಾತ್ರಿ. ಆ ಒಂಬತ್ತು ದಿನ ಜಿಲ್ಲೆಯ ಅರ್ಧ ಗಂಡಸರು ಹುಲಿ, ಕರಡಿ, ಹುಚ್ಚಿ, ಡಾಕ್ಟರ್, ಅಜ್ಜಿಯ ವೇಷ ಹಾಕಿಕೊಂಡು ಅಂಗಡಿ ಅಂಗಡಿ ಸುತ್ತುತ್ತಾರೆ. ಕೆಲವರದ್ದು ಹರಕೆ: ಕಾಯಿಲೆ ಗುಣವಾದರೆ ವೇಷ ಹಾಕುತ್ತೇನೆಂದು ದೇವರಿಗೆ ಹೇಳಿಕೊಂಡವರು. ದೂರದ ಊರಿನ ಸಂಸ್ಥೆ ತನ್ನ ಕ್ಯಾಲೆಂಡರ್ ನೋಡಿ ಅಕ್ಟೋಬರ್ ಅನುಕೂಲ ಎಂದಿತ್ತು. ನಾನೂ ಹೂಂ ಎಂದಿದ್ದೆ. ಸ್ವಂತ ಊರಿನ ಮಾರ್ನೆಮಿ ನೆನಪಾಗದಷ್ಟು ದೊಡ್ಡ ಕಲಾವಿದೆಯಾಗಿದ್ದೆ ನಾನು.

ಮೊದಲ ದಿನ ಬಿ.ಸಿ. ರೋಡಿನ ಬಸ್ ನಿಲ್ದಾಣ. ಬೆಂಗಳೂರಿನಿಂದ ಬಂದಿದ್ದ ಗೆಳತಿ ಕ್ಯಾಮೆರಾ ಇಟ್ಟಳು. ಅವಳಿಗೆ ತುಳು ಬಾರದು, ಕನ್ನಡ ಆಟೋ ಹಿಡಿಯುವಷ್ಟು ಬರುತ್ತದೆ. ನಾನು ಅಪ್ಪನಾಗಿ ನಿಂತೆ. ಜನ ಬೆಚ್ಚಿಬೀಳುತ್ತಾರೆ, ಗಂಡು ಯಾವುದು ಹೆಣ್ಣು ಯಾವುದು ಎಂಬ ಅವರ ನಂಬಿಕೆ ಅಲ್ಲಾಡುತ್ತದೆ ಎಂದು ಅರ್ಜಿಯಲ್ಲಿ ಬರೆದಿದ್ದೆ. ಯಾರ ಏನೂ ಅಲ್ಲಾಡಲಿಲ್ಲ. ಒಬ್ಬರು ಬಂದು ಪುತ್ತೂರಿನ ಬಸ್ ಹೋಯಿತಾ ಎಂದು ಕೇಳಿದರು. ಮಧ್ಯಾಹ್ನ ತಾಸೆ ಬಡಿಯುವವರನ್ನು ಕಟ್ಟಿಕೊಂಡು ಬಂದ ಹುಲಿಗಳ ತಂಡವೊಂದು ನನ್ನ ಎದುರು ನಿಂತಿತು. ದೊಡ್ಡ ಹುಲಿ ಬೆವರು ಒರೆಸಿಕೊಳ್ಳುತ್ತ, ನೀವು ಯಾವ ತಂಡ ಎಂದಿತು. ನಾನು ಮಾತಾಡುವ ಹಾಗಿರಲಿಲ್ಲ. ಹುಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುದುಕನ ವೇಷಕ್ಕೆ ಸ್ವಲ್ಪ ಕೆಮ್ಮಬೇಕು, ಬಗ್ಗಿ ನಡೀಬೇಕು ಮಾರಾಯ್ರೆ. ಸುಮ್ಮನೆ ಕಂಬದ ಹಾಗೆ ನಿಂತ್ರೆ ಜನ ಯಾಕೆ ನೋಡ್ತಾರೆ?" ಎಂದು ತಿದ್ದಿ ಮುಂದೆ ಹೋಯಿತು. ನನ್ನ ಕೆಲಸದ ಬಗ್ಗೆ ಬಂದ ವಿಮರ್ಶೆಗಳಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಇದೊಂದೇ.

ಎರಡನೆಯ ದಿನ ಮೂಡುಬಿದಿರೆಯಲ್ಲಿ ಕಾಲೇಜಿನ ಮಕ್ಕಳು ಸೆಲ್ಫಿ ತೆಗೆದರು. ಸ್ಥಳೀಯ ಪತ್ರಿಕೆಯವರೊಬ್ಬರು ನನ್ನ ಅರ್ಜಿಯ ಕೊನೆಯ ಸಾಲನ್ನು ಗೆಳತಿಯಿಂದ ಪಡೆದು, "ಎಂಟು ಗಂಟೆ ತಂದೆಯೇ ಆಗುವ ಮಗಳು" ಎಂದು ಅಂದವಾಗಿ ಕನ್ನಡ ಮಾಡಿ ಹಾಕಿದರು. ಮೂರನೆಯ ದಿನ ಬೆಳ್ತಂಗಡಿಯಲ್ಲಿ ಒಬ್ಬ ಮುದುಕಿ ಹತ್ತಿರ ಬಂದು, ನನ್ನ ಹತ್ತಿಯ ಹೊಟ್ಟೆಯನ್ನು ಮೆಲ್ಲನೆ ಮುಟ್ಟಿ, ಯಾರಿಗೆ ಹುಷಾರಿಲ್ಲದ್ದು ಮಗಾ, ಯಾವ ಹರಕೆ ಎಂದು ಕೇಳಿದರು. ಉತ್ತರ ಬಾರದ್ದಕ್ಕೆ ಬೇಸರಿಸಿಕೊಳ್ಳದೆ, ಗುಣ ಆಗ್ತದೆ ಎಂದು ಹೇಳಿ ಬಸ್ಸು ಹತ್ತಿದರು. ಗೆಳತಿಗೆ ಆ ದೃಶ್ಯ ಬಹಳ ಇಷ್ಟವಾಯಿತು.

ಅದೇ ದಿನ ರಸ್ತೆಯ ಆಚೆ ಬದಿ, ಒಬ್ಬ ಟೈಲರನ ಮಾಡಿನ ಕೆಳಗೆ ಚಿಕ್ಕಪ್ಪ ನಿಂತಿದ್ದರು. ಅಪ್ಪನ ಒಬ್ಬನೇ ತಮ್ಮ. ಬೆಳ್ತಂಗಡಿಯಲ್ಲಿ ಪಂಪಿನ ಮೋಟಾರು ರಿಪೇರಿ ಅಂಗಡಿ ಇಟ್ಟವರು. ಒಂದು ಗಂಟೆ ನನ್ನನ್ನೇ ನೋಡುತ್ತಿದ್ದರು. ಹತ್ತಿರ ಬರಲಿಲ್ಲ.

ಚಿಕ್ಕಪ್ಪ ಮತ್ತು ಅಪ್ಪನ ನಡುವೆ ಒಂದು ಆಣೆ ಇತ್ತು. ಅದರ ಕಾರಣ ಕೇಳಿದರೆ ನಗು ಬರುತ್ತದೆ, ನಾನೂ ನಕ್ಕಿದ್ದೇನೆ. ಚಿಕ್ಕಪ್ಪ ಹೊಸ ಮನೆ ಕಟ್ಟಿ ಒಕ್ಕಲಾಗುವಾಗ, ಹೇಳಿಕೆಯ ಕಾಗದವನ್ನು, ಅಂದರೆ ಗೃಹಪ್ರವೇಶದ ಆಮಂತ್ರಣವನ್ನು, ಮನೆಗೆ ಬಂದು ಕೈಯಲ್ಲಿ ಕೊಡದೆ ಹಾಲಿನ ವ್ಯಾನಿನಲ್ಲಿ ಕಳಿಸಿದರು. ಅಣ್ಣ ಹೇಗೂ ಡೇರಿಯಲ್ಲೇ ಇರ್ತಾನೆ, ಬೇಗ ಸಿಗ್ತದೆ ಎಂಬ ಲೆಕ್ಕಾಚಾರ. ಒಡಹುಟ್ಟಿದ ಅಣ್ಣನಿಗೆ ಮನೆಗೆ ಬಂದು ನಿಂತು ಬರಬೇಕು ಎಂದು ಹೇಳದೆ, ಖಾಲಿ ಕ್ಯಾನುಗಳ ಜೊತೆ ಕಾಗದ ಕಳಿಸುವುದೆಂದರೆ ನಮ್ಮಲ್ಲಿ ಬರಬೇಡ ಎಂದು ಹೇಳಿದ ಹಾಗೆ. ಅಪ್ಪ ಒಕ್ಕಲಿಗೆ ಹೋಗಲಿಲ್ಲ. ವಾರದ ನಂತರ ಮೂಡುಬಿದಿರೆ ಬಸ್ ನಿಲ್ದಾಣದಲ್ಲಿ ತಮ್ಮ ಎದುರಾದಾಗ ನೂರು ಜನರ ನಡುವೆ, "ನಿನ್ನ ಮನೆಯ ನೀರು ನನ್ನ ಗಂಟಲಿಗೆ ಇಳೀಬಾರ್ದು, ನನ್ನ ಮನೆಯ ನೀರು ನಿನ್ನ ಗಂಟಲಿಗೆ ಇಳೀಬಾರ್ದು, ಧರ್ಮಸ್ಥಳದ ದೇವರಾಣೆ" ಎಂದರು. ಚಿಕ್ಕಪ್ಪ ಆಗ್ಲಿ ಎಂದರು. ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿದರು.

ಆಣೆ ನಮ್ಮ ಕಡೆ ನಗುವ ವಿಷಯವಲ್ಲ. ಹನ್ನೆರಡು ವರ್ಷ ಇಬ್ಬರೂ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಅಪ್ಪ ಹೋದಾಗ ಚಿಕ್ಕಪ್ಪ ಓಡಿ ಬಂದು ಹೆಗಲು ಕೊಟ್ಟರು, ಕಟ್ಟಿಗೆ ಹೊಂದಿಸಿದರು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಮುನ್ನೂರು ಜನಕ್ಕೆ ತಾವೇ ನಿಂತು ಬಡಿಸಿದರು, ಕೊನೆಗೆ ಕೈ ತೊಳೆದುಕೊಂಡು ಸಿದ್ಧಕಟ್ಟೆ ಪೇಟೆಯ ಹೋಟೆಲಿಗೆ ಹೋಗಿ ಊಟ ಮಾಡಿದರು. ಮರುವರ್ಷ ನಮ್ಮ ಬಾವಿಯ ಪಂಪು ಕೆಟ್ಟಾಗ ಅಮ್ಮ ಫೋನ್ ಮಾಡಿದ್ದು ಅವರಿಗೇ. ಬಂದು ಸರಿ ಮಾಡಿದರು. ಪೈಪಿನಿಂದ ನೀರು ಚಿಮ್ಮಿ ಅವರ ಮುಖ, ಅಂಗಿ ಎಲ್ಲ ತೊಯ್ದಿತು. ತುಟಿಯನ್ನು ಬೈರಾಸಿನಲ್ಲಿ ಒತ್ತಿ ಒರೆಸಿಕೊಂಡು, ಬ್ಯಾಗಿನಿಂದ ಅಂಗಡಿಯ ಬಾಟ್ಲಿ ತೆಗೆದು ಕುಡಿದರು.

ಬೆಳ್ತಂಗಡಿಯಿಂದ ನಾನು ಮನೆಗೆ ಬಂದು ಮೀಸೆ ಕಿತ್ತು ಪೆಟ್ಟಿಗೆಯಲ್ಲಿಡುವಾಗ ಅಮ್ಮ ಹೇಳಿದರು:

"ನಿನ್ನ ಚಿಕ್ಕಪ್ಪನ ಫೋನ್ ಇತ್ತು. ನಾಳೆ ಬರ್ತಾನಂತೆ. ನಿನ್ನನ್ನು ನೋಡ್ಲಿಕ್ಕೆ ಅಲ್ಲ. ಅಣ್ಣನನ್ನು ನೋಡ್ಲಿಕ್ಕೆ."

"ಹಾಗಂದ್ರೆ?"

"ಅವನಿಗೆ ಗಂಟಲಲ್ಲಿ ಗಂಟು. ಎರಡು ತಿಂಗಳಾಯ್ತು. ಅನ್ನ ಇಳಿಯುದಿಲ್ಲ, ನೀರು ಕಷ್ಟದಲ್ಲಿ ಇಳೀತದೆ. ಮಂಗಳೂರಲ್ಲಿ ಆಪರೇಷನ್. ಸ್ವರ ಹೋಗ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಅಣ್ಣನ ಆಣೆಯೇ ಗಂಟಲಿಗೆ ಬಂದು ಕೂತದ್ದು ಅಂತ ಅವನ ತಲೆಗೆ ಹೊಕ್ಕಿದೆ. ಧರ್ಮಸ್ಥಳಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದ, ಸಮಾಧಾನ ಆಗ್ಲಿಲ್ಲ. ಆಣೆ ಬಿಟ್ಟೆ ಅಂತ ನಾನೇ ಹೇಳಿದೆ, ಅದೂ ಆಗ್ಲಿಲ್ಲ. ಅಣ್ಣನ ಬಾಯಿಂದ ಬಂದದ್ದು ಅಣ್ಣನ ಬಾಯಿಂದಲೇ ಹೋಗಬೇಕಂತೆ. ಪೇಪರಿನಲ್ಲಿ ಓದಿದ್ದಾನೆ, ನೀನು ಎಂಟು ಗಂಟೆ ಅಣ್ಣನೇ ಆಗ್ತಿ ಅಂತ."

ನಾನು ಅಮ್ಮನಿಗೆ ವಿವರಿಸಲು ಕುಳಿತೆ. ಅದು ಒಂದು ಪರಿಕಲ್ಪನೆ, ಅದನ್ನು ಅಕ್ಷರಶಃ ತೆಗೆದುಕೊಳ್ಳಬಾರದು ಎಂದೆ. ಕೆಲಸದ ನಿಯಮದ ಪ್ರಕಾರ ನೋಡುವವರು ಏನು ಬೇಕಾದರೂ ಮಾಡಬಹುದು, ಆದರೆ ನಾನು ಮಾತಾಡುವ ಹಾಗಿಲ್ಲ ಎಂದೆ.

"ಯಾರು ಹೇಳಿದ್ದು ಹಾಗಿಲ್ಲ ಅಂತ?"

"ನಾನೇ."

"ಮತ್ತೆ ನೀನೇ ತೆಗಿ," ಎಂದು ಅಮ್ಮ ಒಳಗೆ ಹೋದರು.

ನಾಲ್ಕನೆಯ ದಿನ, ಕೊನೆಯ ದಿನ, ಜಾಗ ನಮ್ಮ ಮನೆಯ ಅಂಗಳ. ನಾನು ಅಪ್ಪನಾಗಿ ಜಗಲಿಯ ಮೇಲೆ ಅಪ್ಪ ಪೇಪರ್ ಓದುತ್ತಿದ್ದ ಜಾಗದಲ್ಲಿ ಕುಳಿತೆ. ಹನ್ನೊಂದು ಗಂಟೆಗೆ ಚಿಕ್ಕಪ್ಪ ಬಂದರು. ಬಿಳಿ ಮುಂಡು, ಹಣೆಯಲ್ಲಿ ಗಂಧ. ಮೈ ಅರ್ಧ ಇಳಿದಿತ್ತು. ಚಪ್ಪಲಿ ಬಿಟ್ಟು, ಜಗಲಿಯ ಮೆಟ್ಟಿಲ ಬಳಿ ನಿಂತು, ಒಡೆದ ಸ್ವರದಲ್ಲಿ "ಅಣ್ಣಾ" ಎಂದರು.

ಅವರಿಗೆ ನಾನು ಯಾರೆಂದು ಗೊತ್ತಿತ್ತು. ಅವರಿಗೇನೂ ಮರುಳು ಹಿಡಿದಿರಲಿಲ್ಲ. ಮಾರ್ನೆಮಿಗೆ ವೇಷ ಹಾಕಿದವನು ಪಕ್ಕದ ಮನೆಯ ಹುಡುಗನೇ ಆದರೂ, ವೇಷ ಇರುವಷ್ಟು ಹೊತ್ತು ಹುಲಿಗೆ ಹುಲಿಯ ಮರ್ಯಾದೆಯೇ. ಅದೇ ಲೆಕ್ಕದಲ್ಲಿ ಅವರು ಬಂದಿದ್ದರು. ನಾನು ಮೂರು ಪುಟ ಇಂಗ್ಲಿಷಿನಲ್ಲಿ ಕೇಳಿಕೊಂಡಿದ್ದ ಪ್ರೇಕ್ಷಕ ಕೊನೆಗೂ ಸಿಕ್ಕಿದ್ದ.

ಅಮ್ಮ ಒಳಗಿನಿಂದ ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಚೆಂಬು ನೀರು ತಂದು ನನ್ನ ಪಕ್ಕ ಇಟ್ಟರು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು. ಕೊಡಬೇಕಾದವರು ಮನೆಯ ಯಜಮಾನರು.

"ಅಣ್ಣಾ, ನನ್ನದು ತಪ್ಪಾಯ್ತು," ಎಂದರು ಚಿಕ್ಕಪ್ಪ. "ಹಾಲಿನ ವ್ಯಾನಿನಲ್ಲಿ ಕಾಗದ ಕಳಿಸಬಾರ್ದಿತ್ತು. ನಿನಗೆ ಬೇಗ ಸಿಗ್ಲಿ ಅಂತ ಕಳಿಸಿದ್ದು. ನಾಡಿದ್ದು ಗಂಟಲು ಕೊಯ್ತಾರೆ. ಅದರ ಮೊದಲು ಈ ಬಾವಿಯ ನೀರು ಒಂದು ಗುಟುಕು ಕುಡಿಯುವ ಅಂತ ಆಸೆ. ಬಿಟ್ಟೆ ಅಂತ ಒಂದು ಮಾತು ಹೇಳು."

ನನಗೆ ಅಳು ಬಂತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಅಳು ಬಂದಾಗ ನನಗೆ ಮೊದಲು ಹೊಳೆದದ್ದು ಮೀಸೆಯ ಅಂಟು ಬಿಟ್ಟರೆ ಎಂಬ ಭಯ. ಎರಡನೆಯದು, ಗೆಳತಿ ಹತ್ತಿರದಿಂದ ತೆಗೆಯುತ್ತಿದ್ದಾಳೋ ಇಲ್ಲವೋ ಎಂಬ ಚಿಂತೆ. ಓರೆಗಣ್ಣಿನಲ್ಲಿ ನೋಡಿದೆ. ತೆಗೆಯುತ್ತಿದ್ದಳು. ಒಂದು ಮಾತಾಡಿದರೆ ನಾಲ್ಕು ದಿನದ ಮೌನ ಹಾಳು. ನಾನು ಕೈಯಿಂದ ಚೆಂಬನ್ನು ಅವರ ಕಡೆಗೆ ಸರಿಸಿದೆ. ಸಾಕಷ್ಟು ಅರ್ಥಗರ್ಭಿತವಾಗಿ ಸರಿಸಿದೆ ಎಂದೇ ಅಂದುಕೊಂಡಿದ್ದೆ.

ಚಿಕ್ಕಪ್ಪ ಚೆಂಬನ್ನು ನೋಡಿದರು, ಮುಟ್ಟಲಿಲ್ಲ. "ಬಾಯಿಬಿಟ್ಟು ಹೇಳು ಅಣ್ಣಾ," ಎಂದರು. ಸಂಜೆಯ ತನಕ ಮೆಟ್ಟಿಲಲ್ಲೇ ಕುಳಿತಿದ್ದರು. ಅಮ್ಮ ಎರಡು ಸಲ ಬಂದು ನನ್ನನ್ನು ನೋಡಿ ಹೋದರು. ಐದೂವರೆಯ ಬಸ್ಸಿನ ಹಾರ್ನ್ ಕೇಳಿದಾಗ ಚಿಕ್ಕಪ್ಪ ಎದ್ದು, "ಇನ್ನೂ ಸಿಟ್ಟುಂಟು ಅವನಿಗೆ," ಎಂದು ಅಮ್ಮನಿಗೆ ಹೇಳಿ ಹೊರಟರು. ಗೆಳತಿ ನನ್ನನ್ನು ತಬ್ಬಿಕೊಂಡಳು. ನಾನು ಸ್ಕೂಟರಿನಲ್ಲಿ ಮೂಡುಬಿದಿರೆಗೆ ಹೋಗಿ ಹೇಳಿದ ಸಮಯಕ್ಕೆ ಸರಿಯಾಗಿ ಮೀಸೆ ವಾಪಸ್ ಕೊಟ್ಟೆ.

ಮರುದಿನ ಬೆಳಿಗ್ಗೆ ಬೆಳ್ತಂಗಡಿಗೆ ಹೋದೆ, ಚೂಡಿದಾರ ಹಾಕಿಕೊಂಡು, ಬೋಳು ತಲೆಗೆ ಶಾಲು ಸುತ್ತಿಕೊಂಡು. ಚಿಕ್ಕಪ್ಪ ಆಸ್ಪತ್ರೆಗೆ ಬ್ಯಾಗು ತುಂಬುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ಚಿಕ್ಕಪ್ಪ, ಅಪ್ಪನ ಪರವಾಗಿ ಹೇಳ್ತೇನೆ, ಬಿಟ್ಟೆ, ಆಣೆ ಬಿಟ್ಟೆ ಎಂದೆ. ಅಳುತ್ತಲೇ ಹೇಳಿದೆ.

ಅವರು ನನ್ನನ್ನು ಬಹಳ ಪ್ರೀತಿಯಿಂದ ನೋಡಿದರು.

"ನೀನು ಹೇಳಿ ಎಂತ ಪ್ರಯೋಜನ ಮಗಾ? ನಿನ್ನೆ ನೀನು ಅಣ್ಣ. ಇವತ್ತು ಅಣ್ಣನ ಮಗಳು. ಕೂತ್ಕೊ, ಚಾ ಕುಡಿ."

ನಾನು ಹೊರಗೆ ಹೋಗಿ ಮೀಸೆಯಂಗಡಿಗೆ ಫೋನ್ ಮಾಡಿದೆ. ಅದು ಆಗಲೇ ವೇಣೂರಿನ ಒಬ್ಬ ಪೊಲೀಸ್ ವೇಷದವನ ಮೂಗಿನ ಕೆಳಗೆ ಹೋಗಿತ್ತು. "ಮಾರ್ನೆಮಿಗೆ ಮೀಸೆ ಸಿಗುದಿಲ್ಲ ಮೇಡಂ. ದಸರಾ ಕಳೆದು ಬನ್ನಿ," ಎಂದರು. ಒಳಗೆ ಬಂದು ಚಾ ಕುಡಿದೆ. ಆಣೆ ಅಣ್ಣ ತಮ್ಮಂದಿರ ನಡುವಿನದು, ಆ ಮನೆಯ ಚಾ ಕುಡಿಯಲು ನನಗೇನೂ ಅಡ್ಡಿಯಿರಲಿಲ್ಲ.

ಆಪರೇಷನ್ ಆಯಿತು. ಸ್ವರ ಹೋಯಿತು.

ಜನವರಿಯಲ್ಲಿ ನನ್ನ ವಿಡಿಯೋವನ್ನು ದೂರದ ಊರಿನಲ್ಲಿ ತೋರಿಸಿದರು. ಚಿಕ್ಕಪ್ಪ ಮೆಟ್ಟಿಲಲ್ಲಿ ಕುಳಿತ ಭಾಗ ಇಪ್ಪತ್ತು ನಿಮಿಷ ಇತ್ತು. ಮುಗಿದ ಮೇಲೆ ಒಬ್ಬರು ಎದ್ದು, ಆ ನಿರಾಕರಣೆಯ ಮೌನದಲ್ಲಿ ಇಡೀ ಪಿತೃಪ್ರಧಾನ ವ್ಯವಸ್ಥೆಯೇ ಮಾತಾಡುತ್ತದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಲ್ಲ ಸ್ವಾಮಿ, ಅದು ಪಿತೃವಲ್ಲ, ಮೀಸೆ ಬೀಳುತ್ತದೆಂದು ಹೆದರಿ ಕುಳಿತ ಮಗಳು ಎಂದು ಹೇಳಬೇಕಿತ್ತು. ನಾನು ಕೈಮುಗಿದು ಧನ್ಯವಾದ ಹೇಳಿದೆ.

ಮಾರ್ಚ್‌ನಲ್ಲಿ ನಾನು ಊರಿನಲ್ಲಿದ್ದಾಗ ಒಂದು ದಿನ ಹನ್ನೊಂದರ ಬಸ್ಸಿಗೆ ಚಿಕ್ಕಪ್ಪ ಬಂದರು. ಕುತ್ತಿಗೆಗೆ ಬಿಳಿ ಬಟ್ಟೆ, ಕೈಯಲ್ಲಿ ಗೆರೆ ಹಾಕಿದ ಶಾಲೆಯ ನೋಟ್‌ಬುಕ್. ಈ ಸಲ ಮೆಟ್ಟಿಲಲ್ಲಿ ನಿಲ್ಲದೆ ಸೀದಾ ಜಗಲಿಗೆ ಬಂದು ಅಪ್ಪನ ಜಾಗದಲ್ಲಿ ಕುಳಿತರು. ಅಂಗಿಯ ಕೆಳಗಿನ ಎರಡು ಗುಂಡಿ ಬಿಚ್ಚಿ ತೋರಿಸಿದರು. ಹೊಟ್ಟೆಯ ಪಕ್ಕದಲ್ಲಿ ಒಂದು ಸಣ್ಣ ನಳಿಗೆ. ಈಗ ಗಂಜಿ, ಹಾಲು, ನೀರು ಎಲ್ಲ ಅದರಲ್ಲೇ ನೇರ ಹೊಟ್ಟೆಗೆ. ನೋಟ್‌ಬುಕ್ ತೆರೆದು, ಮೊದಲೇ ಬರೆದು ತಂದಿದ್ದ ಪುಟವನ್ನು ಅಮ್ಮನ ಎದುರು ಹಿಡಿದರು.

"ಅತ್ತಿಗೆ, ಗಂಟಲಿಗೆ ಇಳಿಯಬಾರದು ಅಂತ ಆಣೆ. ಇದು ಗಂಟಲಿಗೆ ಇಳಿಯುವುದಿಲ್ಲ."

ಅಮ್ಮ ಓದಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗುತ್ತ ನಗುತ್ತ ಅತ್ತರು. ಚಿಕ್ಕಪ್ಪನ ಹೆಗಲು ಕುಲುಕುತ್ತಿತ್ತು, ಅವರೂ ನಗುತ್ತಿದ್ದರು, ಸ್ವರ ಇರಲಿಲ್ಲ ಅಷ್ಟೇ. ದೇಹದ ರೂಪಾಂತರದ ಬಗ್ಗೆ ಹದಿನೈದು ವರ್ಷ ಕೆಲಸ ಮಾಡಿದ ನನಗೆ ಹೊಳೆಯದ ಉಪಾಯವೊಂದನ್ನು ಪಂಪ್ ರಿಪೇರಿಯವರು ಆಸ್ಪತ್ರೆಯ ಮಂಚದಲ್ಲಿ ಮಲಗಿ ಕಂಡುಹಿಡಿದಿದ್ದರು.

ಅಮ್ಮ ಬಾವಿಯ ನೀರನ್ನು ಕುದಿಸಿ, ಆರಿಸಿ, ಲೋಟದಲ್ಲಿ ತಂದು ನನ್ನ ಕೈಗೆ ಕೊಟ್ಟರು. ನೀನು ಹಾಕು ಎಂದರು. ಚಿಕ್ಕಪ್ಪ ನಳಿಗೆಯ ಬಾಯಿಗೆ ದೊಡ್ಡ ಸಿರಿಂಜನ್ನು ಸಿಕ್ಕಿಸಿ, ಮೇಲಕ್ಕೆ ಹಿಡಿದು, ನಿಧಾನ ಎಂದು ಕೈಯಲ್ಲಿ ತೋರಿಸಿದರು. ಸ್ವಲ್ಪ ನೀರು ಅವರ ಮುಂಡಿನ ಮೇಲೆ ಚೆಲ್ಲಿತು. ಉಳಿದದ್ದು ಮೆಲ್ಲಮೆಲ್ಲನೆ ಕೆಳಗೆ ಇಳಿಯಿತು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಮುಗಿದ ಮೇಲೆ ಅಭ್ಯಾಸಬಲದಿಂದ ಬೈರಾಸು ತೆಗೆದು ಒಣ ತುಟಿಯನ್ನು ಒರೆಸಿಕೊಂಡರು.

ಮತ್ತೆ ಅಂಗಳದ ಕಡೆ ಒಮ್ಮೆ ಕಣ್ಣಾಡಿಸಿ, ನೋಟ್‌ಬುಕ್ ಎಳೆದುಕೊಂಡು ನನಗಾಗಿ ಬರೆದರು: "ಇವತ್ತು ಕ್ಯಾಮೆರಾ ಇಲ್ವಾ?"

"ಇಲ್ಲ ಚಿಕ್ಕಪ್ಪ," ಎಂದೆ.

ಅವರು ಅದರ ಕೆಳಗೆ ಇನ್ನೊಂದು ಸಾಲು ಬರೆದು ತೋರಿಸಿದರು: "ಹಾಗಾದರೆ ಇನ್ನೊಂದು ಲೋಟ ಹಾಕು."